ಸಕ್ಕರೆ ಕಾಯಿಲೆ: ಮಂಕಾದ ಕೋಶಗಳು ಮತ್ತೆ ಕೆಲಸಕ್ಕೆ ಬರಬಹುದು, ಆದರೆ ಹೊತ್ತು ಮೀರಬಾರದು

*ಆರೋಗ್ಯ ಮಾಲೆ – ಕಂತು 34*



ಕಳೆದ ವಾರ ಒಂದೇ ದಿನ ನನ್ನ ಫೋನಿಗೆ ಮೂರು ಗುಂಪುಗಳಿಂದ ಮೂರು ಸಂದೇಶಗಳು ಬಂದವು. ಮೊದಲನೆಯದು, "ಚೀನಾದಲ್ಲಿ ಸಕ್ಕರೆ ಕಾಯಿಲೆಗೆ ಶಾಶ್ವತ ಪರಿಹಾರ ಸಿಕ್ಕಿದೆ." ಎರಡನೆಯದು, "ಬೆಂಡೆಕಾಯಿ ನೆನೆಸಿಟ್ಟ ನೀರನ್ನು 21 ದಿನ ಕುಡಿಯಿರಿ, ಮಾತ್ರೆ ಬಿಸಾಡಿ." ಮೂರನೆಯದನ್ನು ಬರೆದವರು ನಮ್ಮವರೇ ಒಬ್ಬರು. "ಶುಗರ್ ಬಂತು ಅಂದರೆ ಮುಗಿಯಿತು. ಇನ್ನು ಕೊನೆಯುಸಿರಿನ ತನಕ ಮಾತ್ರೆಯೇ ಗತಿ" ಎಂದು ಬೇಸರದಿಂದ ಬರೆದಿದ್ದರು.

ಮೂರರಲ್ಲಿ ಯಾವುದೂ ಪೂರ್ತಿ ಸತ್ಯವಲ್ಲ. ಮೊದಲಿನ ಎರಡು ಇಲ್ಲದ ಆಸೆ ಹುಟ್ಟಿಸುತ್ತವೆ, ಮೂರನೆಯದು ಇರುವ ಆಸೆಯನ್ನೂ ಕಿತ್ತುಕೊಳ್ಳುತ್ತದೆ. ನನ್ನ ಪ್ರಕಾರ ಇವುಗಳಲ್ಲಿ ಹೆಚ್ಚು ಹಾನಿ ಮಾಡುತ್ತಿರುವುದು ಮೂರನೆಯದೇ. ಯಾಕೆ ಎಂಬುದನ್ನು ಇವತ್ತು ಸ್ವಲ್ಪ ವಿವರವಾಗಿ ಹೇಳುತ್ತೇನೆ. ದಯವಿಟ್ಟು ಕೊನೆಯವರೆಗೂ ಓದಿ. ಎಚ್ಚರಿಕೆಯ ಮಾತುಗಳೂ ಕೊನೆಯ ಭಾಗದಲ್ಲೇ ಇವೆ.

*ಅಣ್ಣ ಕೇಳಿದ ಪ್ರಶ್ನೆ*

ಮುಂಬೈಯಲ್ಲಿ ನನಗೆ ಪರಿಚಯದ ಅಣ್ಣತಮ್ಮ ಇಬ್ಬರಿದ್ದಾರೆ. ಉಡುಪಿ ಕಡೆಯವರು, ಇಬ್ಬರದೂ ಹೋಟೆಲ್ ಕೆಲಸ. ಬೆಳಿಗ್ಗೆ ಐದಕ್ಕೆ ಏಳುವುದು, ದಿನಕ್ಕೆ ಏಳೆಂಟು ಚಹಾ, ರಾತ್ರಿ ಗಿರಾಕಿಗಳೆಲ್ಲ ಹೋದ ಮೇಲೆ ಹನ್ನೆರಡಕ್ಕೆ ಊಟ. ಅಣ್ಣನಿಗೆ 2012ರಲ್ಲಿ ಸಕ್ಕರೆ ಕಾಯಿಲೆ ಗೊತ್ತಾಯಿತು. "ಇದು ಜೀವನಪೂರ್ತಿ ಇರುವುದು, ಮಾತ್ರೆ ತಪ್ಪಿಸಬೇಡಿ" ಎಂದಷ್ಟೇ ಅವರಿಗೆ ಹೇಳಲಾಯಿತು. ಅವರು ತಪ್ಪಿಸಲಿಲ್ಲ. ಒಂದು ಮಾತ್ರೆ ಎರಡಾಯಿತು, ಎರಡು ಮೂರಾಯಿತು, ಈಗ ದಿನಕ್ಕೆ ಎರಡು ಸಲ ಇನ್ಸುಲಿನ್.

ತಮ್ಮನಿಗೆ ಎರಡು ವರ್ಷದ ಹಿಂದೆ ಗೊತ್ತಾಯಿತು. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 8.4 ಇತ್ತು. ಅವರ ವೈದ್ಯರು ಮಾತ್ರೆ ಬರೆದುಕೊಟ್ಟರು. ಜೊತೆಗೆ, "ಮೊದಲ ವರ್ಷದಲ್ಲೇ ಎಂಟು ಹತ್ತು ಕಿಲೋ ಇಳಿಸಿದರೆ ಇದು ಹಿಂದೆ ಸರಿಯುವ ಸಾಧ್ಯತೆ ಇದೆ, ಪ್ರಯತ್ನ ಮಾಡುತ್ತೀರಾ?" ಎಂದು ಕೇಳಿದರು. ತಮ್ಮ ಒಂಬತ್ತು ಕಿಲೋ ಇಳಿಸಿದರು. ವೈದ್ಯರೇ ಮಾತ್ರೆಗಳನ್ನು ಒಂದೊಂದಾಗಿ ನಿಲ್ಲಿಸಿದರು. ಮಾತ್ರೆ ನಿಂತು ಎಂಟು ತಿಂಗಳಾಯಿತು, ಈಗ ಎಚ್‌ಬಿಎ1ಸಿ 6.1 ಇದೆ.

ಅಣ್ಣ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ನನಗೆ ಯಾಕೆ ಯಾರೂ ಹೇಳಲಿಲ್ಲ ಮಾರಾಯ್ರೇ?"

ಈ ಲೇಖನ ಆ ಪ್ರಶ್ನೆಗೆ ಉತ್ತರ.

*ಒಳಗೆ ನಡೆಯುವುದೇನು?*

ಹೊಟ್ಟೆಯ ಹಿಂಭಾಗದಲ್ಲಿ ಮೇದೋಜ್ಜೀರಕ ಗ್ರಂಥಿ ಇದೆ. ಪ್ಯಾಂಕ್ರಿಯಾಸ್ ಎಂದು ನಾವೆಲ್ಲ ಕೇಳಿರುವುದು ಇದನ್ನೇ. ಅದರೊಳಗೆ ನಡುಗಡ್ಡೆಗಳಂತೆ ಚದುರಿದ ಸಣ್ಣ ಸಣ್ಣ ಗುಂಪುಗಳನ್ನು 1869ರಲ್ಲಿ ಮೊದಲು ವಿವರಿಸಿದವನು ಪೌಲ್ ಲ್ಯಾಂಗರ್‌ಹಾನ್ಸ್ ಎಂಬ ಜರ್ಮನ್ ವಿದ್ಯಾರ್ಥಿ. ಆ ಗುಂಪುಗಳಲ್ಲಿರುವ ಬೀಟಾ ಕೋಶಗಳೇ ಇನ್ಸುಲಿನ್ ತಯಾರಿಸುವುದು. ಊಟ ಹೊಟ್ಟೆಗೆ ಬಿದ್ದು ರಕ್ತದಲ್ಲಿ ಸಕ್ಕರೆ ಏರತೊಡಗಿದ ಕೆಲವೇ ನಿಮಿಷಗಳಲ್ಲಿ ಆರೋಗ್ಯವಂತ ಬೀಟಾ ಕೋಶಗಳು ಒಂದು ಸಲಕ್ಕೆ ಇನ್ಸುಲಿನ್ ಸುರಿಯುತ್ತವೆ. ಟೈಪ್ 2 ಸಕ್ಕರೆ ಕಾಯಿಲೆಯಲ್ಲಿ ಈ ಮೊದಲ ಸುರಿತವೇ ಕಾಣೆಯಾಗುತ್ತದೆ.

ಬಹಳ ಕಾಲ ವೈದ್ಯಲೋಕ ನಂಬಿದ್ದು, ಈ ಕೋಶಗಳು ಒಂದೊಂದಾಗಿ ಸಾಯುತ್ತಾ ಹೋಗುತ್ತವೆ, ಹೋದದ್ದು ಮರಳಿ ಬಾರದು ಎಂದು. ಹಾಗೆ ನಂಬಲು ಕಾರಣವೂ ಇತ್ತು. ಬ್ರಿಟನ್ನಿನಲ್ಲಿ 1977ರಲ್ಲಿ ಆರಂಭವಾಗಿ 1998ರಲ್ಲಿ ಮುಖ್ಯ ಫಲಿತಾಂಶ ಕೊಟ್ಟ ದೊಡ್ಡ ಅಧ್ಯಯನವೊಂದರಲ್ಲಿ, ಕಾಯಿಲೆ ಗೊತ್ತಾಗುವ ಹೊತ್ತಿಗೇ ಬೀಟಾ ಕೋಶಗಳ ಸಾಮರ್ಥ್ಯ ಸುಮಾರು ಅರ್ಧಕ್ಕೆ ಇಳಿದಿರುವುದು, ಆಮೇಲೂ ವರ್ಷದಿಂದ ವರ್ಷಕ್ಕೆ ಇಳಿಯುತ್ತಲೇ ಹೋಗುವುದು ಕಂಡಿತ್ತು. "ಜೀವನಪೂರ್ತಿ" ಎಂಬ ಮಾತು ಗಟ್ಟಿಯಾದದ್ದು ಹೀಗೆ.

ಈಗ ಗೊತ್ತಾಗಿರುವುದು ಬೇರೆ. ಕೆಲವು ಕೋಶಗಳು ಸಾಯುವುದು ನಿಜ. ಆದರೆ ಆರಂಭದ ವರ್ಷಗಳಲ್ಲಿ ಬಹಳಷ್ಟು ಕೋಶಗಳು ಸತ್ತಿರುವುದಿಲ್ಲ, ಮಂಕಾಗಿರುತ್ತವೆ. ಕೊಬ್ಬು ಮತ್ತು ಸಕ್ಕರೆಯ ಭಾರದಲ್ಲಿ ತಮ್ಮ ಕಸುಬನ್ನೇ ಮರೆತಂತೆ ಕೂತಿರುತ್ತವೆ. 2012ರಲ್ಲಿ ಅಮೆರಿಕದ ವಿಜ್ಞಾನಿಗಳು ಇಲಿಗಳಲ್ಲಿ ಇದನ್ನೇ ಕಂಡರು: ಕೋಶ ಇದೆ, ಜೀವವೂ ಇದೆ, ಆದರೆ ಅದು ಬೀಟಾ ಕೋಶದ ಗುಣವನ್ನೇ ಕಳೆದುಕೊಂಡಿದೆ.

ಭಾರ ಎಲ್ಲಿಂದ ಬರುತ್ತದೆ? ನಾವು ದುಡಿದು ಕರಗಿಸುವುದಕ್ಕಿಂತ ಹೆಚ್ಚು ತಿಂದದ್ದು ಚರ್ಮದಡಿ ಕೊಬ್ಬಾಗಿ ಕೂರುತ್ತದೆ. ಅಲ್ಲಿ ಜಾಗ ಸಾಲದಾದಾಗ ಲಿವರ್‌ನಲ್ಲಿ ಶೇಖರವಾಗುತ್ತದೆ. ಕೊಬ್ಬು ತುಂಬಿದ ಲಿವರ್ ಇನ್ಸುಲಿನ್ನಿನ ಮಾತು ಕೇಳುವುದಿಲ್ಲ, ರಾತ್ರಿಯಿಡೀ ತಾನೇ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತದೆ. "ರಾತ್ರಿ ಏನೂ ತಿನ್ನಲಿಲ್ಲ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 160 ಹೇಗೆ?" ಎಂದು ಕೇಳುತ್ತೀರಲ್ಲ, ಉತ್ತರ ಇಲ್ಲಿದೆ. ಅದೇ ಲಿವರ್ ಹೆಚ್ಚಾದ ಕೊಬ್ಬನ್ನು ರಕ್ತಕ್ಕೆ ಬಿಡುತ್ತದೆ, ಅದು ಪ್ಯಾಂಕ್ರಿಯಾಸ್‌ನಲ್ಲಿ ಸೇರಿಕೊಳ್ಳುತ್ತದೆ, ಬೀಟಾ ಕೋಶಗಳು ಇನ್ನಷ್ಟು ಮಂಕಾಗುತ್ತವೆ. ಒಂದು ಚಕ್ರ ಇನ್ನೊಂದನ್ನು ತಿರುಗಿಸುತ್ತದೆ. ಈ ಜೋಡಿಚಕ್ರದ ವಿವರಣೆ ಕೊಟ್ಟವರು ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಪ್ರೊಫೆಸರ್ ರಾಯ್ ಟೇಲರ್.

*ಪರೀಕ್ಷೆಯಲ್ಲಿ ಗೆದ್ದ ವಿಚಾರ*

ಟೇಲರ್ ತಂಡ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದ್ದದ್ದು ಕೇವಲ 11 ಮಂದಿ. ಎಂಟು ವಾರ ದಿನಕ್ಕೆ ಸುಮಾರು 600 ಕ್ಯಾಲೊರಿಯ ಆಹಾರ, ಮಾತ್ರೆ ಬಂದ್. ಒಂದೇ ವಾರದಲ್ಲಿ ಖಾಲಿ ಹೊಟ್ಟೆಯ ಸಕ್ಕರೆ ಸರಾಸರಿ 166ರಿಂದ 106ಕ್ಕೆ ಇಳಿಯಿತು. ಲಿವರ್‌ನ ಕೊಬ್ಬು ಆ ವಾರದಲ್ಲೇ ಸುಮಾರು ಶೇ 30ರಷ್ಟು ಕರಗಿತು. ಪ್ಯಾಂಕ್ರಿಯಾಸ್ ಮಾತ್ರ ನಿಧಾನ. ಎಂಟು ವಾರ ಕಳೆಯುವಷ್ಟರಲ್ಲಿ ಅಲ್ಲಿನ ಕೊಬ್ಬೂ ಇಳಿದು, ಕಾಣೆಯಾಗಿದ್ದ ಇನ್ಸುಲಿನ್ನಿನ ಮೊದಲ ಸುರಿತ ಮರಳಿ ಬಂತು. ಸತ್ತಿವೆ ಎಂದುಕೊಂಡಿದ್ದ ಕೋಶಗಳು ಕೆಲಸಕ್ಕೆ ಹಾಜರಾಗಿದ್ದವು.

ಹನ್ನೊಂದು ಜನರನ್ನು ನಂಬಿ ಚಿಕಿತ್ಸೆ ಬದಲಿಸಲಾಗದು, ಸರಿ. ಆದ್ದರಿಂದ ಸ್ಕಾಟ್ಲೆಂಡ್ ಮತ್ತು ಉತ್ತರ ಇಂಗ್ಲೆಂಡಿನ ಸಾಮಾನ್ಯ ಕ್ಲಿನಿಕ್‌ಗಳಲ್ಲಿ ಸುಮಾರು 300 ಜನರ ಮೇಲೆ ದೊಡ್ಡ ಅಧ್ಯಯನ ನಡೆಯಿತು. ಎಲ್ಲರೂ ಕಾಯಿಲೆ ಗೊತ್ತಾಗಿ ಆರು ವರ್ಷದೊಳಗಿನವರು, ಯಾರೂ ಇನ್ಸುಲಿನ್ ತೆಗೆದುಕೊಳ್ಳುತ್ತಿರಲಿಲ್ಲ. 'ಡೈರೆಕ್ಟ್' ಎಂಬ ಹೆಸರಿನ ಈ ಅಧ್ಯಯನ 2017ರ ಡಿಸೆಂಬರಿನಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿ, ಆಮೇಲೆ ನಿಧಾನವಾಗಿ ಮಾಮೂಲಿ ಆಹಾರ. ವರ್ಷದ ಕೊನೆಗೆ ಈ ಗುಂಪಿನ ಶೇ 46 ಮಂದಿಗೆ ಮಾತ್ರೆಯಿಲ್ಲದೆ ಸಕ್ಕರೆ ಹತೋಟಿಯಲ್ಲಿತ್ತು. ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ ಹಾಗಾದದ್ದು ಶೇ 4 ಮಾತ್ರ. 15 ಕಿಲೋ ಅಥವಾ ಹೆಚ್ಚು ಇಳಿಸಿದವರಲ್ಲಿ ಶೇ 86.

ಈಗ ಅಣ್ಣನ ಪ್ರಶ್ನೆಗೆ ಬನ್ನಿ. 2012ರಲ್ಲಿ ಅವರ ವೈದ್ಯರಿಗೆ ಇದು ತಿಳಿದಿರಲಿಲ್ಲ ಎಂದರೆ ಅದು ಅವರ ತಪ್ಪಲ್ಲ. ಗಟ್ಟಿ ಪುರಾವೆ ಬಂದದ್ದು ಐದು ವರ್ಷ ಕಳೆದ ಮೇಲೆ. ಆದರೆ ಇವತ್ತು ಹೊಸದಾಗಿ ಕಾಯಿಲೆ ಗೊತ್ತಾದವರಿಗೆ ಮೊದಲ ದಿನವೇ ಈ ವಿಷಯ ಹೇಳದಿದ್ದರೆ ಅದು ತಪ್ಪೇ. ನನ್ನ ಅಭಿಪ್ರಾಯ ಇಷ್ಟು ಖಚಿತ. ಇಂತಿಷ್ಟು ಮಾತ್ರೆ ಎಂದು ಬರೆಯುವ ಚೀಟಿಯಲ್ಲೇ ಇಂತಿಷ್ಟು ಕಿಲೋ, ಇಂತಿಷ್ಟು ತಿಂಗಳಲ್ಲಿ ಎಂದೂ ಬರೆಯಬೇಕು. "ಸ್ವಲ್ಪ ತೂಕ ಇಳಿಸಿ" ಎಂದು ಬಾಗಿಲ ತನಕ ಬಂದಾಗ ಹೇಳುವುದು ಚಿಕಿತ್ಸೆಯಲ್ಲ.

*"ನಾನು ದಪ್ಪ ಇಲ್ಲವಲ್ಲ?"*

ನಮ್ಮವರು ಕೂಡಲೇ ಕೇಳುವ ಮಾತು ಇದು. ಬಿಳಿಯರ ಲೆಕ್ಕ ನಮಗೆ ಹೊಂದುವುದಿಲ್ಲ ಎಂಬುದನ್ನು ಜಗತ್ತಿಗೆ ತೋರಿಸಿದವರು ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್. 2004ರಲ್ಲಿ ಅವರೂ ಲಂಡನ್ನಿನ ಅವರ ಸಹೋದ್ಯೋಗಿ ಜಾನ್ ಯುಡ್ಕಿನ್ ಅವರೂ ತಮ್ಮಿಬ್ಬರ ಫೋಟೋವನ್ನೇ ಲ್ಯಾನ್ಸೆಟ್‌ನಲ್ಲಿ ಪ್ರಕಟಿಸಿದರು. ಇಬ್ಬರ ಬಿಎಂಐ 22.3, ಒಂದೇ. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2! ತೆಳ್ಳಗೆ ಕಾಣುವ ಭಾರತೀಯನ ಒಳಗೆ ಅಡಗಿರುವ ಕೊಬ್ಬಿಗೆ ಇದಕ್ಕಿಂತ ಸರಳ ಉದಾಹರಣೆ ಬೇಡ.

ಟೇಲರ್ ಅವರೂ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತಾರೆ: ಕೊಬ್ಬನ್ನು ಸುರಕ್ಷಿತವಾಗಿ ಇಟ್ಟುಕೊಳ್ಳಲು ಒಬ್ಬೊಬ್ಬರಿಗೆ ಒಂದೊಂದು ಮಿತಿ. ನಮ್ಮ ಉಗ್ರಾಣ ಚಿಕ್ಕದು, ಬೇಗ ತುಂಬಿ ಲಿವರ್‌ಗೆ ಹರಿಯುತ್ತದೆ. 2023ರಲ್ಲಿ ಅವರ ತಂಡ ಬಿಎಂಐ 27ಕ್ಕಿಂತ ಕಡಿಮೆ ಇದ್ದ 20 ಮಂದಿಯನ್ನು ಆರಿಸಿಕೊಂಡು, ಒಂದು ಸಲಕ್ಕೆ ಶೇ 5ರಂತೆ ತೂಕ ಇಳಿಸಿ ನೋಡಿತು. 20ರಲ್ಲಿ 14 ಜನರಿಗೆ ಕಾಯಿಲೆ ಹಿಂದೆ ಸರಿಯಿತು. ಅವರಿಗೆ ಬೇಕಾದದ್ದು ಸರಾಸರಿ ಶೇ 6.5ರಷ್ಟು ಇಳಿಕೆ. 70 ಕಿಲೋ ಇರುವವರಿಗೆ ಇದು ಐದು ಕಿಲೋದ ಒಳಗೇ ಆಯಿತು.

ಭಾರತೀಯರಿಗೆ ಬಿಎಂಐ 23 ದಾಟಿದರೆ ತೂಕ ಹೆಚ್ಚು ಎಂದೇ ಲೆಕ್ಕ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಮೀರಬಾರದು. ಮನೆಯಲ್ಲಿ ದರ್ಜಿಯ ಟೇಪ್ ಇದ್ದರೆ ಇವತ್ತೇ ಅಳೆಯಿರಿ. ಪ್ಯಾಂಟಿನ ಸೈಜ್ ನಂಬಬೇಡಿ, ಅದನ್ನು ನಾವು ಹೊಟ್ಟೆಯ ಕೆಳಗೆ ಕಟ್ಟುತ್ತೇವೆ.

*ಇನ್ಸುಲಿನ್ ಎಂದರೆ ಸೋಲಲ್ಲ*

"ಒಮ್ಮೆ ಇನ್ಸುಲಿನ್ ಶುರುವಾದರೆ ಬಿಡುವಂತಿಲ್ಲ" ಎಂಬ ಹೆದರಿಕೆ ನಮ್ಮಲ್ಲಿ ಬಹಳ. 2008ರಲ್ಲಿ ಪ್ರಕಟವಾದ ಚೀನಾದ ಅಧ್ಯಯನವೊಂದನ್ನು ಕೇಳಿ. ಹೊಸದಾಗಿ ಕಾಯಿಲೆ ಗೊತ್ತಾದ 382 ಜನರಲ್ಲಿ ಕೆಲವರಿಗೆ ಮೊದಲೇ ಇನ್ಸುಲಿನ್, ಕೆಲವರಿಗೆ ಮಾತ್ರೆ. ಸಕ್ಕರೆ ಹತೋಟಿಗೆ ಬಂದ ಮೇಲೆ ಎರಡು ವಾರ ಮುಂದುವರಿಸಿ, ನಂತರ ಔಷಧವನ್ನೆಲ್ಲ ನಿಲ್ಲಿಸಿ, ಪಥ್ಯ ಮತ್ತು ವ್ಯಾಯಾಮದ ಮೇಲೆ ಬಿಟ್ಟರು. ವರ್ಷದ ಬಳಿಕ ಔಷಧವಿಲ್ಲದೆ ನಿಭಾಯಿಸುತ್ತಿದ್ದವರು: ಇನ್ಸುಲಿನ್ ಪಂಪ್ ಪಡೆದವರಲ್ಲಿ ಶೇ 51, ಚುಚ್ಚುಮದ್ದಿನವರಲ್ಲಿ ಶೇ 45, ಮಾತ್ರೆಯವರಲ್ಲಿ ಶೇ 27.

ಅರ್ಥ ಇಷ್ಟೇ. ದಣಿದ ಬೀಟಾ ಕೋಶಗಳಿಗೆ ಹೊರಗಿನ ಇನ್ಸುಲಿನ್ ಕೆಲವು ವಾರದ ರಜೆ ಕೊಡುತ್ತದೆ. ಸಕ್ಕರೆ ತುಂಬ ಏರಿದ್ದಾಗ ವೈದ್ಯರು ಇನ್ಸುಲಿನ್ ಎಂದರೆ ಓಡಿಹೋಗಿ ಕಷಾಯ ಹುಡುಕಬೇಡಿ. ನಿಮ್ಮ ಕೋಶಗಳನ್ನು ಉಳಿಸಲೆಂದೇ ಅವರು ಹಾಗೆ ಹೇಳುತ್ತಿರಬಹುದು.

*ನಾಣ್ಯದ ಇನ್ನೊಂದು ಮುಖ*

ಇಷ್ಟು ಹೇಳಿ ನಿಲ್ಲಿಸಿದರೆ ನಾನೂ ಆ ಬೆಂಡೆಕಾಯಿ ನೀರಿನವರ ಸಾಲಿಗೆ ಸೇರುತ್ತೇನೆ. ಆದ್ದರಿಂದ ಮುಂದಿನದನ್ನೂ ಓದಿ.

ಒಂದು, ಇದು ವಾಸಿಯಲ್ಲ, ಹಿಂದೆ ಸರಿಯುವುದು. ಮಾತ್ರೆಯೆಲ್ಲ ನಿಲ್ಲಿಸಿ ಕನಿಷ್ಠ ಮೂರು ತಿಂಗಳಾದ ಮೇಲೂ ಎಚ್‌ಬಿಎ1ಸಿ 6.5ಕ್ಕಿಂತ ಕಡಿಮೆ ಇದ್ದರೆ ಮಾತ್ರ ಹಾಗೆ ಕರೆಯಬೇಕು ಎಂದು 2021ರಲ್ಲಿ ತಜ್ಞರು ಒಮ್ಮತಕ್ಕೆ ಬಂದಿದ್ದಾರೆ. ತೂಕ ಮರಳಿದರೆ ಕಾಯಿಲೆಯೂ ಮರಳುತ್ತದೆ. 'ಡೈರೆಕ್ಟ್' ಅಧ್ಯಯನದಲ್ಲಿ ಮೊದಲ ವರ್ಷದ ಶೇ 46 ಎರಡನೇ ವರ್ಷಕ್ಕೆ ಶೇ 36 ಆಯಿತು. ಐದು ವರ್ಷ ಮುಂದುವರಿದವರಲ್ಲಿ ಕೊನೆಗೆ ಉಳಿದದ್ದು ಶೇ 13. ಇಳಿಸುವುದು ಆರು ತಿಂಗಳ ಕೆಲಸ, ಉಳಿಸಿಕೊಳ್ಳುವುದು ಬದುಕಿನ ಕೆಲಸ. ಆದರೂ ಆ ಐದು ವರ್ಷ ವ್ಯರ್ಥವಲ್ಲ. ಸಕ್ಕರೆ ಕಡಿಮೆ ಇದ್ದ ಒಂದೊಂದು ವರ್ಷವೂ ಕಣ್ಣಿಗೆ, ಕಿಡ್ನಿಗೆ, ಪಾದಕ್ಕೆ ಒಳ್ಳೆಯದೇ.

ಎರಡು, ಹೊತ್ತು ಮುಖ್ಯ. ಕಾಯಿಲೆಗೆ ನಾಲ್ಕು ವರ್ಷವೂ ಆಗದವರಿಗೆ ಸಿಗುವ ಫಲ ಎಂಟು ಹತ್ತು ವರ್ಷ ಕಳೆದವರಿಗೆ ಅಷ್ಟಾಗಿ ಸಿಗುವುದಿಲ್ಲ. ಹಾಗೆಂದು ಹಳಬರು ಕೈಚೆಲ್ಲಬೇಕಿಲ್ಲ. ತೂಕ ಇಳಿದರೆ ಅವರಿಗೂ ಔಷಧದ ಪ್ರಮಾಣ ಇಳಿಯುತ್ತದೆ. ನಮ್ಮ ಹೋಟೆಲಿನ ಅಣ್ಣನೂ ಈಗ ಆ ದಾರಿಯಲ್ಲಿದ್ದಾರೆ.

ಮೂರು, ಬಹಳ ಮುಖ್ಯವಾದದ್ದು: *ನಿಮ್ಮಷ್ಟಕ್ಕೆ ನೀವೇ ಮಾತ್ರೆ ನಿಲ್ಲಿಸಬೇಡಿ, ನಿಮ್ಮಷ್ಟಕ್ಕೆ ನೀವೇ ಉಪವಾಸ ಹೂಡಬೇಡಿ.* ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ಇರುವಾಗ ಊಟ ಕಡಿಮೆ ಮಾಡಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಕಟ್ಟುನಿಟ್ಟಾದ ಉಪವಾಸ ಮಾಡಿದರೆ ರಕ್ತ ಆಮ್ಲೀಯವಾಗುವ ಗಂಭೀರ ತೊಂದರೆ ಬರಬಹುದು. ತೂಕ ಇಳಿದಂತೆ ಬಿಪಿಯೂ ಇಳಿದು, ಹಳೆಯ ಬಿಪಿ ಮಾತ್ರೆಯೇ ಹೆಚ್ಚಾಗಿ ತಲೆ ತಿರುಗಬಹುದು. ಗರ್ಭಿಣಿಯರು, ಕಿಡ್ನಿ ತೊಂದರೆಯವರು, ತುಂಬ ವಯಸ್ಸಾಗಿ ಕೃಶರಾದವರು, ಟೈಪ್ 1 ಇರುವವರು ಈ ಪ್ರಯೋಗಕ್ಕೆ ಇಳಿಯಲೇಬಾರದು. ಪ್ರಯತ್ನವಿಲ್ಲದೆ ತಾನಾಗಿ ತೂಕ ಇಳಿಯುತ್ತಿದ್ದರೆ ಖುಷಿಪಡಬೇಡಿ, ಕೂಡಲೇ ವೈದ್ಯರನ್ನು ಕಾಣಿ.

*ಚೀನಾದ ಸುದ್ದಿಯ ಸತ್ಯ*

ಆ ಸುದ್ದಿ ಪೂರ್ತಿ ಸುಳ್ಳಲ್ಲ. ಶಾಂಘೈಯಲ್ಲಿ 25 ವರ್ಷದಿಂದ ಟೈಪ್ 2 ಇದ್ದ 59 ವರ್ಷದ ಒಬ್ಬರಿಗೆ ಕಾಂಡಕೋಶಗಳಿಂದ ಬೆಳೆಸಿದ ಇನ್ಸುಲಿನ್ ಕೋಶಗಳನ್ನು 2021ರಲ್ಲಿ ಕಸಿ ಮಾಡಿದರು. ಹನ್ನೊಂದು ವಾರದಲ್ಲಿ ಅವರಿಗೆ ಇನ್ಸುಲಿನ್ ಬೇಡವಾಯಿತು. 2024ರಲ್ಲಿ ಇದು ಪ್ರಕಟವಾಯಿತು. ಆದರೆ ಸಂದೇಶದಲ್ಲಿ ಬಿಟ್ಟುಹೋದದ್ದು: ಇದು ಒಬ್ಬರೇ ಒಬ್ಬರ ವರದಿ. ಅವರಿಗೆ ಮೊದಲೇ ಕಿಡ್ನಿ ಕಸಿಯಾಗಿತ್ತು, ದೇಹ ಅದನ್ನು ತಿರಸ್ಕರಿಸದಂತೆ ತಡೆಯುವ ಔಷಧಗಳ ಮೇಲೆ ಮೊದಲಿನಿಂದಲೂ ಇದ್ದರು. ಅದು ವಿಜ್ಞಾನದ ದೊಡ್ಡ ಹೆಜ್ಜೆ, ನಾಳೆ ಬೆಳಿಗ್ಗೆ ನಮಗೆ ಸಿಗುವ ಚಿಕಿತ್ಸೆಯಲ್ಲ. ಸಕ್ಕರೆ ಕಾಯಿಲೆಗೆ ಕಾಂಡಕೋಶ ಚಿಕಿತ್ಸೆ ಎಂದು ಯಾರಾದರೂ ಲಕ್ಷಗಟ್ಟಲೆ ಕೇಳಿದರೆ ಕೈಮುಗಿದು ಎದ್ದು ಬನ್ನಿ. ನಮ್ಮ ದೇಶದಲ್ಲಿ ಇದು ಅನುಮೋದಿತ ಚಿಕಿತ್ಸೆಯಲ್ಲ.

ತೂಕ ಇಳಿಸುವ ಹೊಸ ಚುಚ್ಚುಮದ್ದುಗಳು, ಹೊಟ್ಟೆಯ ಶಸ್ತ್ರಚಿಕಿತ್ಸೆ ಇವೂ ಕೆಲವರಿಗೆ ಒಳ್ಳೆಯ ದಾರಿಗಳೇ. ವೈದ್ಯರೊಡನೆ ಮಾತಾಡಿ ನಿರ್ಧರಿಸಿ. ಚುಚ್ಚುಮದ್ದು ನಿಲ್ಲಿಸಿದ ಮೇಲೆ ಹಳೆಯ ಊಟಕ್ಕೆ ಮರಳಿದರೆ ಹಳೆಯ ತೂಕವೂ ಮರಳುತ್ತದೆ ಎಂಬುದು ನೆನಪಿರಲಿ.

*ನೀವು ಮಾಡಬಹುದಾದದ್ದು*

2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ, ಅದರ ಹೊಸ್ತಿಲಲ್ಲಿ ಇರುವವರು 13.6 ಕೋಟಿ. ನಿಮ್ಮ ಮನೆಯಲ್ಲೂ ಒಬ್ಬರಿರಬಹುದು. ಹೊಸದಾಗಿ ಗೊತ್ತಾಗಿದ್ದರೆ ಮುಂದಿನ ಭೇಟಿಯಲ್ಲಿ ವೈದ್ಯರನ್ನು ಈ ನಾಲ್ಕು ಪ್ರಶ್ನೆ ಕೇಳಿ:

1. ನನ್ನ ಕಾಯಿಲೆ ಹಿಂದೆ ಸರಿಯುವ ಸಾಧ್ಯತೆ ಇದೆಯೇ?
2. ನಾನು ಎಷ್ಟು ಕಿಲೋ, ಎಷ್ಟು ತಿಂಗಳಲ್ಲಿ ಇಳಿಸಬೇಕು?
3. ಊಟ ಕಡಿಮೆ ಮಾಡಿದಾಗ ಯಾವ ಮಾತ್ರೆಯನ್ನು ಯಾವಾಗ ಇಳಿಸುವಿರಿ?
4. ನನ್ನ ಇನ್ಸುಲಿನ್ ಸಾಮರ್ಥ್ಯ ತಿಳಿಯಲು ಸಿ-ಪೆಪ್ಟೈಡ್ ಪರೀಕ್ಷೆ ಬೇಕೇ? ಕಣ್ಣಿನ ಪರೀಕ್ಷೆ ಆಗಿದೆಯೇ?

ದೊಡ್ಡ ಊರಿನ ಕ್ಲಿನಿಕ್‌ಗಳಲ್ಲಿ ವೈದ್ಯರಿಗೆ ಸಮಯವಿಲ್ಲ, ಗೊತ್ತು. ಅದಕ್ಕೇ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಕೇಳುವವರಿದ್ದರೆ ಹೇಳುವವರೂ ಸಿಗುತ್ತಾರೆ.

ಅಡುಗೆಮನೆಯ ವಿಷಯ. 800 ಕ್ಯಾಲೊರಿಯ ಕಠಿಣ ಪಥ್ಯ ವೈದ್ಯರ ಕಣ್ಗಾವಲಿನಲ್ಲಿ ಮಾತ್ರ. ಆದರೆ ತಟ್ಟೆಯನ್ನು ಬದಲಿಸಲು ಯಾರ ಅಪ್ಪಣೆಯೂ ಬೇಡ. ಅರ್ಧ ತಟ್ಟೆ ಪಲ್ಯ, ಕೋಸಂಬರಿ, ಸೊಪ್ಪು. ಕಾಲು ಭಾಗ ಬೇಳೆ, ಕಾಳು, ಮೊಟ್ಟೆ ಅಥವಾ ಮೀನು. ಉಳಿದ ಕಾಲು ಭಾಗ ಮಾತ್ರ ಅನ್ನ, ಚಪಾತಿ ಅಥವಾ ಜೋಳದ ರೊಟ್ಟಿ. "ರಾಗಿ ಎಷ್ಟು ತಿಂದರೂ ಶುಗರ್ ಏರಲ್ಲ" ಎಂಬುದೂ ಸುಳ್ಳು. ರಾಗಿ ಗಂಜಿ ಕುಡಿದು ಎರಡು ಗಂಟೆ ಬಿಟ್ಟು ಪರೀಕ್ಷಿಸಿ ನೋಡಿ, ನಿಮಗೇ ತಿಳಿಯುತ್ತದೆ. ಚಹಾದ ಸಕ್ಕರೆ, ಅದರ ಜೊತೆಗಿನ ಖಾರಿ ಬಿಸ್ಕತ್ತು, ರೈಲು ಹಿಡಿಯುವ ಮೊದಲು ನಿಂತೇ ತಿನ್ನುವ ವಡಾಪಾವ್, ಇವು ಲೆಕ್ಕಕ್ಕೆ ಸಿಗದೆ ಸೇರುವ ಕ್ಯಾಲೊರಿ. ರಾತ್ರಿ ಊಟ ಎರಡು ಗಂಟೆ ಹಿಂದಕ್ಕೆ ಬರಲಿ, ಆಮೇಲೆ ಹದಿನೈದು ನಿಮಿಷ ನಡಿಗೆ.

ಇನ್ನೊಂದು ಮಾತು ಮನೆಯವರಿಗೆ. ಒಬ್ಬರಿಗೆ ಪಥ್ಯ, ಉಳಿದವರಿಗೆ ಹೋಳಿಗೆ ಎಂದರೆ ಯಾವ ಪಥ್ಯವೂ ನಿಲ್ಲುವುದಿಲ್ಲ. ಆ ತಮ್ಮ ಗೆದ್ದದ್ದು ತನ್ನ ಛಲದಿಂದ ಮಾತ್ರವಲ್ಲ. ಅವರ ಹೆಂಡತಿ, ಮಕ್ಕಳು ಎಲ್ಲರೂ ಅದೇ ತಟ್ಟೆಯಲ್ಲಿ ಉಂಡರು. ಅಪ್ಪನಿಗೆ ಶುಗರ್ ಇದ್ದರೆ ಮಕ್ಕಳಿಗೂ ಬರುವ ಸಾಧ್ಯತೆ ಹೆಚ್ಚು ಎಂದಮೇಲೆ ಅದು ಮಕ್ಕಳ ಪಥ್ಯವೂ ಹೌದು.

ನನ್ನ ಮಾತು ಇಷ್ಟು. ಕಾಯಿಲೆ ಗೊತ್ತಾದ ಮೊದಲ ಕೆಲವು ವರ್ಷ ಬೀಟಾ ಕೋಶಗಳು ಇನ್ನೂ ನಿಮ್ಮ ದಾರಿ ಕಾಯುತ್ತಿರುತ್ತವೆ. ಆ ವರ್ಷಗಳನ್ನು "ಎಲ್ಲ ಮುಗಿಯಿತು" ಎಂಬ ನಿರಾಶೆಯಲ್ಲೂ ಕಳೆಯಬೇಡಿ, "21 ದಿನದಲ್ಲಿ ಮಾಯ" ಎಂಬ ಮೋಸದಲ್ಲೂ ಕಳೆಯಬೇಡಿ. ಅಣ್ಣ ಕೇಳಿದ ಪ್ರಶ್ನೆಯನ್ನು ಹತ್ತು ವರ್ಷದ ನಂತರ ನಿಮ್ಮ ಮನೆಯವರು ಕೇಳುವಂತಾಗದಿರಲಿ.

ಹೊಸದಾಗಿ ಸಕ್ಕರೆ ಕಾಯಿಲೆ ಗೊತ್ತಾದವರು ನಿಮ್ಮ ಬಳಗದಲ್ಲಿದ್ದರೆ ಇದನ್ನು ಅವರಿಗೆ ಕಳಿಸಿ. ಆದರೆ ಒಂದು ಕೋರಿಕೆ: ಅರ್ಧ ಕತ್ತರಿಸಿ ಕಳಿಸಬೇಡಿ. ಎಚ್ಚರಿಕೆಯ ಭಾಗವೂ ಜೊತೆಗಿರಲಿ.

ಮುಂದಿನ ಕಂತಿನಲ್ಲಿ ಮತ್ತೆ ಸಿಗೋಣ. ಆರೋಗ್ಯವಾಗಿರಿ.